ಕ್ರೈಸ್ತರಲ್ಲದವರಿಗೆ ಸದ್ಗತಿಯುಂಟೆ?

ಇಟಲಿಯ ಮಹಾಕವಿ ದಾಂತೆ ತೀರಿಕೊಂಡದ್ದು ೧೩೨೧ರಲ್ಲಿ. ಅವನ ‘ಡಿವೈನ್ ಕಾಮೆಡಿ’ ಕಾವ್ಯದ ಸ್ವರ್ಗಖಂಡದಲ್ಲಿ ಒಂದು ಸಂದೇಹ ಬರುತ್ತದೆ. ಸಿಂಧೂ ನದಿಯ ದಡದಲ್ಲಿ ಒಬ್ಬ ಮನುಷ್ಯ ಹುಟ್ಟುತ್ತಾನೆ. ಕ್ರಿಸ್ತನ ಹೆಸರನ್ನು ಅಲ್ಲಿ ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ. ಆ ಮನುಷ್ಯನ ನಡೆಯಲ್ಲಾಗಲಿ ನುಡಿಯಲ್ಲಾಗಲಿ ದೋಷವಿಲ್ಲ. ದೀಕ್ಷಾಸ್ನಾನ ಪಡೆಯದೆ, ಕ್ರಿಸ್ತನನ್ನು ನಂಬದೆ ಅವನು ಸಾಯುತ್ತಾನೆ. ಅವನಿಗೆ ಸ್ವರ್ಗವಿಲ್ಲವೆಂದು ತೀರ್ಪು ಕೊಡುವ ನ್ಯಾಯ ಯಾವುದು? ಕೇಳದ ಹೆಸರನ್ನು ನಂಬಲಿಲ್ಲವೆಂಬುದು ಅವನ ಅಪರಾಧ ಹೇಗಾದೀತು?

ಸಿಂಧೂ ದಡದ ಆ ಮನುಷ್ಯ ನಮ್ಮ ನಾಡಿನ ಕಡೆಯವನು. ಅಂದಮೇಲೆ ಕವಿ ಕೇಳಿದ್ದು ನಮ್ಮ ಪೂರ್ವಿಕರ ವಿಷಯ ಎಂದುಕೊಂಡರೂ ತಪ್ಪಿಲ್ಲ. ಈ ಪ್ರಶ್ನೆಗೆ ಕ್ರೈಸ್ತರು ಇಷ್ಟು ಶತಮಾನಗಳಲ್ಲಿ ಏನು ಉತ್ತರ ಕೊಟ್ಟಿದ್ದಾರೆ, ಆ ಉತ್ತರ ಎಲ್ಲೆಲ್ಲಿ ಬದಲಾಯಿತು, ಎಲ್ಲಿ ಇನ್ನೂ ಬಗೆಹರಿಯದೆ ಉಳಿದಿದೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲಿಗೆ ಒಂದು ಮಾತಿನ ಅರ್ಥವನ್ನು ಸ್ಪಷ್ಟಮಾಡಿಕೊಳ್ಳಬೇಕು. ನಾವು ಮುಕ್ತಿ, ಮೋಕ್ಷ ಎನ್ನುವ ಕಡೆ ಕನ್ನಡ ಬೈಬಲ್ಲು ‘ರಕ್ಷಣೆ’ ಎನ್ನುತ್ತದೆ. ಎರಡೂ ಒಂದೇ ಅಲ್ಲ. ಮೋಕ್ಷವೆಂದರೆ ಹುಟ್ಟುಸಾವುಗಳ ಚಕ್ರದಿಂದ ಬಿಡುಗಡೆ. ರಕ್ಷಣೆಯೆಂದರೆ ಪಾಪದಿಂದಲೂ ಅದರ ಫಲವಾದ ಮರಣದಿಂದಲೂ ದೇವರು ಮನುಷ್ಯನನ್ನು ಎತ್ತಿ, ತನ್ನ ಜೊತೆಯ ನಿತ್ಯಜೀವಕ್ಕೆ ಸೇರಿಸಿಕೊಳ್ಳುವುದು. ಪುನರ್ಜನ್ಮವನ್ನು ನಂಬುವವನಿಗೆ ಈ ಜನ್ಮದಲ್ಲಿ ಆಗದಿದ್ದದ್ದು ಮುಂದಿನ ಜನ್ಮದಲ್ಲಿ ಆದೀತು ಎಂಬ ಸಮಾಧಾನವಿದೆ. ಕ್ರೈಸ್ತನಿಗೆ ಜನ್ಮ ಒಂದೇ, ಅದು ತೀರಿದಮೇಲೆ ತೀರ್ಪು. ಈ ಪ್ರಶ್ನೆ ಆ ಮತದಲ್ಲಿ ಇಷ್ಟು ಹರಿತವಾಗಿರುವುದಕ್ಕೆ ಇದೇ ಕಾರಣ.

ಶಾಸ್ತ್ರವನ್ನು ತೆರೆದರೆ ಎರಡು ಧ್ವನಿಗಳು ಕೇಳಿಬರುತ್ತವೆ. ತನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬಾರರೆಂದು ಯೇಸು ಹೇಳಿದ್ದಾಗಿ ಯೋಹಾನನ ಸುವಾರ್ತೆಯಲ್ಲಿದೆ. ಬೇರೆ ಯಾವ ಹೆಸರಿನಲ್ಲಿಯೂ ರಕ್ಷಣೆಯಿಲ್ಲವೆಂದು ಪೇತ್ರನು ಸಾರಿದ್ದು ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದಲ್ಲಿದೆ. ಇನ್ನೊಂದು ಕಡೆ, ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಚ್ಛೆಯೆಂದು ತಿಮೊಥೆಯನಿಗೆ ಬರೆದ ಪತ್ರ ಹೇಳುತ್ತದೆ. ಧರ್ಮಶಾಸ್ತ್ರವನ್ನು ಕಾಣದ ಜನರ ಹೃದಯದಲ್ಲಿಯೂ ಅದರ ಆಜ್ಞೆ ಬರೆದಿದೆಯೆಂದು ಪೌಲನು ರೋಮಾಪುರದವರಿಗೆ ತಿಳಿಸುತ್ತಾನೆ. ಕೊರ್ನೇಲ್ಯನೆಂಬ ರೋಮನ್ ಸೇನಾಧಿಕಾರಿಯ ಕಥೆಯಂತೂ ಎರಡು ಪಕ್ಷಕ್ಕೂ ಬೇಕಾದದ್ದು. ಅವನ ಪ್ರಾರ್ಥನೆಯೂ ದಾನಧರ್ಮವೂ ಅವನು ಕ್ರಿಸ್ತನ ಸುದ್ದಿಯನ್ನು ಕೇಳುವ ಮೊದಲೇ ದೇವರಿಗೆ ಮುಟ್ಟಿದ್ದವೆಂದು ಒಬ್ಬರು ತೋರಿಸುತ್ತಾರೆ. ಹಾಗಿದ್ದೂ ಅವನ ಬಳಿಗೆ ಪೇತ್ರನನ್ನು ಕಳಿಸಿ ದೀಕ್ಷಾಸ್ನಾನ ಮಾಡಿಸಬೇಕಾಯಿತಲ್ಲ ಎಂದು ಇನ್ನೊಬ್ಬರು ಕೇಳುತ್ತಾರೆ.

ಎರಡನೆಯ ಶತಮಾನದ ಜಸ್ಟಿನ್ ಎಂಬ ಆಚಾರ್ಯನು ಬಾಗಿಲನ್ನು ಅಗಲವಾಗಿಯೇ ತೆರೆದಿಟ್ಟಿದ್ದ. ವಿವೇಕಕ್ಕೆ ತಕ್ಕಂತೆ ಬಾಳಿದವರೆಲ್ಲ, ಸಾಕ್ರೆಟಿಸನಂಥವರು ಸಹ, ಕ್ರಿಸ್ತನವರೇ ಎಂಬುದು ಅವನ ಮತ. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಸಭೆಯ ಹೊರಗೆ ರಕ್ಷಣೆಯಿಲ್ಲವೆಂದು ಬೋಧಿಸಿದ. ಅವನ ಎದುರಿಗೆ ಇದ್ದದ್ದು ಅನ್ಯಮತೀಯರಲ್ಲ, ಸಭೆಯನ್ನು ಒಡೆದುಕೊಂಡು ಹೋಗುತ್ತಿದ್ದ ಕ್ರೈಸ್ತರು. ಮನೆ ಬಿಟ್ಟು ಹೊರಡುವವರಿಗೆ ಹೇಳಿದ ಎಚ್ಚರಿಕೆ, ಕಾಲಾನಂತರದಲ್ಲಿ ಮನೆಯನ್ನೇ ಕಾಣದವರ ಮೇಲಿನ ತೀರ್ಪಾಗಿ ಮಾರ್ಪಟ್ಟಿತು. ೧೪೪೨ರಲ್ಲಿ ಫ್ಲಾರೆನ್ಸಿನ ಮಹಾಸಭೆಯ ಆಜ್ಞಾಪತ್ರವು, ಅನ್ಯಮತೀಯರೂ ಯೆಹೂದ್ಯರೂ ಸಭೆಯಿಂದ ಅಗಲಿದವರೂ ಸಾಯುವ ಮುನ್ನ ಸಭೆಯನ್ನು ಸೇರದಿದ್ದರೆ ಅವರಿಗೆ ನಿತ್ಯಾಗ್ನಿಯೇ ಗತಿಯೆಂದು ಸಾರಿತು.

ಈ ಮಾತು ಪಂಡಿತರ ಗ್ರಂಥದಲ್ಲಿ ಇರುವಷ್ಟು ಕಾಲ ಒಂದು ಸಿದ್ಧಾಂತ. ಒಬ್ಬ ಮಗನಿಗೆ ಹೇಳಿದಾಗ ಅದರ ಭಾರ ತಿಳಿಯುತ್ತದೆ. ಎಂಟನೆಯ ಶತಮಾನದ ಆದಿಯಲ್ಲಿದ್ದ ಫ್ರಿಸಿಯಾದ ಅರಸು ರಾಡ್‌ಬೋಡನ ವಿಷಯವಾಗಿ ಒಂದು ಹಳೆಯ ಕಥೆಯಿದೆ. ದೀಕ್ಷಾಸ್ನಾನಕ್ಕೆಂದು ನೀರಿನಲ್ಲಿ ಕಾಲಿಟ್ಟವನು, ತನ್ನ ಹಿರಿಯರು ಎಲ್ಲಿರುವರೆಂದು ಕೇಳಿದನಂತೆ. ನರಕದಲ್ಲಿ ಎಂದು ಉತ್ತರ ಬಂದಾಗ, ಕೆಲವೇ ಜನರ ಸ್ವರ್ಗಕ್ಕಿಂತ ತನ್ನ ಹಿರಿಯರ ಜೊತೆಯ ನರಕವೇ ವಾಸಿಯೆಂದು ಕಾಲನ್ನು ಹಿಂದೆಗೆದನಂತೆ. ಇದು ಕಥೆಯೇ ಇರಬಹುದು. ಆದರೆ ಗೋವೆಯಲ್ಲಿ ಯಾರ ದೇಹವನ್ನು ಇಂದಿಗೂ ಇಟ್ಟಿದ್ದಾರೋ ಆ ಫ್ರಾನ್ಸಿಸ್ ಜೇವಿಯರ್ ಬರೆದ ಪತ್ರ ಕಥೆಯಲ್ಲ. ಅವರು ೧೫೪೯ರಲ್ಲಿ ಜಪಾನಿಗೆ ಹೋಗಿ ಬೋಧಿಸಿದರು. ೧೫೫೨ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ಹೊಸದಾಗಿ ಕ್ರೈಸ್ತರಾದ ಜಪಾನೀಯರ ದೊಡ್ಡ ದುಃಖವೊಂದನ್ನು ತಿಳಿಸಿದ್ದಾರೆ. ಸತ್ತುಹೋದ ತಂದೆತಾಯಿ, ಹೆಂಡಿರುಮಕ್ಕಳಿಗಾಗಿ ಅವರು ಅಳುತ್ತಿದ್ದರು. ಪ್ರಾರ್ಥನೆಯಿಂದಲಾಗಲಿ ದಾನದಿಂದಲಾಗಲಿ ಅವರನ್ನು ನರಕದಿಂದ ಬಿಡಿಸಲಾಗದೆ ಎಂದು ಕೇಳುತ್ತಿದ್ದರು. ಯಾವ ಉಪಾಯವೂ ಇಲ್ಲವೆಂದು ಜೇವಿಯರ್ ಹೇಳಬೇಕಾಗಿತ್ತು. ಪ್ರೀತಿಯ ಮಿತ್ರರು ಪರಿಹಾರವಿಲ್ಲದ ಸಂಗತಿಗಾಗಿ ಅಳುವುದನ್ನು ಕಂಡು ತಮಗೂ ದುಃಖವಾಯಿತೆಂದು ಅವರು ಮರೆಮಾಚದೆ ಬರೆದರು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆಯಿಡುವ ಮನೆಯವರಿಗೆ ಆ ಜಪಾನೀಯರ ಕಣ್ಣೀರನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ಪತ್ರದಲ್ಲಿ ಇನ್ನೊಂದು ಸಂಗತಿಯೂ ಇದೆ. ದೇವರು ಒಳ್ಳೆಯವನಾದರೆ ಇಷ್ಟು ಕಾಲ ನಮಗೇಕೆ ತನ್ನನ್ನು ತಿಳಿಸಲಿಲ್ಲ ಎಂದು ಜಪಾನೀಯರು ಆಕ್ಷೇಪಿಸಿದ್ದರು. ಕೊಲ್ಲಬಾರದು, ಕದಿಯಬಾರದು ಎಂಬ ಅರಿವನ್ನು ದೇವರು ಎಲ್ಲ ಮನುಷ್ಯರ ಮನಸ್ಸಿನಲ್ಲಿಯೂ ಇಟ್ಟಿದ್ದಾನೆ, ಬೆಟ್ಟದಲ್ಲಿ ಒಂಟಿಯಾಗಿ ಬೆಳೆದವನಿಗೂ ಅದು ತಿಳಿದಿರುತ್ತದೆ ಎಂದು ಜೇವಿಯರ್ ಉತ್ತರವಿತ್ತರು. ಹಾಗಾದರೆ ಆ ಅರಿವಿನಂತೆ ನಡೆದವನ ಗತಿಯೇನು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಮುಂದಿನ ವಿಚಾರವೆಲ್ಲ ಬೆಳೆದದ್ದು ಈ ದಾರಿಯಲ್ಲಿ.

೧೪೯೨ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿದಮೇಲೆ, ಸುವಾರ್ತೆಯ ಒಂದು ಅಕ್ಷರವನ್ನೂ ಕೇಳದ ಖಂಡಗಳೇ ಇವೆಯೆಂದು ಯುರೋಪಿಗೆ ಗೊತ್ತಾಯಿತು. ತಿಳಿದೂ ತಿರಸ್ಕರಿಸಿದವನು ಬೇರೆ, ತಿಳಿಯುವ ಅವಕಾಶವೇ ಇಲ್ಲದಿದ್ದವನು ಬೇರೆ ಎಂಬ ವಿವೇಚನೆ ದೇವತಾಶಾಸ್ತ್ರಜ್ಞರಲ್ಲಿ ಬಲವಾಯಿತು. ತಮ್ಮ ತಪ್ಪಿಲ್ಲದೆ ಅಜ್ಞಾನದಲ್ಲಿದ್ದು, ಮನಸ್ಸಾಕ್ಷಿಯಂತೆ ಸನ್ಮಾರ್ಗದಲ್ಲಿ ನಡೆದವರನ್ನು ದೇವರು ಶಿಕ್ಷೆಗೆ ಗುರಿಮಾಡುವುದಿಲ್ಲವೆಂದು ೧೮೬೩ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಬರೆದರು. ಆಮೇಲೆ ಅಮೆರಿಕದ ಬಾಸ್ಟನ್ ನಗರದಲ್ಲಿ ಲಿಯೊನಾರ್ಡ್ ಫೀನಿ ಎಂಬ ಪಾದ್ರಿ, ಕಥೋಲಿಕ ಸಭೆಯ ಸದಸ್ಯರಲ್ಲದ ಯಾರಿಗೂ ರಕ್ಷಣೆಯಿಲ್ಲವೆಂದು ಹಟ ಹಿಡಿದರು. ಅವರ ಅರ್ಥವಿವರಣೆ ತಪ್ಪೆಂದು ೧೯೪೯ರಲ್ಲಿ ರೋಮಿನಿಂದ ಪತ್ರ ಬಂತು. ಆಜ್ಞೆಗೆ ಮಣಿಯದ ಕಾರಣ ೧೯೫೩ರಲ್ಲಿ ಅವರಿಗೆ ಬಹಿಷ್ಕಾರವಾಯಿತು. ಸಭೆಯ ಹೊರಗೆ ರಕ್ಷಣೆಯಿಲ್ಲವೆಂದವರೇ ಸಭೆಯ ಹೊರಗೆ ನಿಲ್ಲಬೇಕಾಯಿತು! ಸಭೆ ಅವರನ್ನು ಮತ್ತೆ ಒಳಗೆ ಕರೆದುಕೊಂಡದ್ದು ೧೯೭೨ರಲ್ಲಿ.

೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಈ ವಿಷಯವನ್ನು ಇನ್ನೂ ಸ್ಪಷ್ಟಮಾಡಿತು. ತಮ್ಮ ದೋಷವಿಲ್ಲದೆ ಕ್ರಿಸ್ತನನ್ನರಿಯದವರು, ಪ್ರಾಮಾಣಿಕವಾಗಿ ದೇವರನ್ನು ಹುಡುಕಿ, ಆತನ ಕೃಪೆಯ ಪ್ರೇರಣೆಯಿಂದ ಮನಸ್ಸಾಕ್ಷಿಯಂತೆ ನಡೆದರೆ ರಕ್ಷಣೆ ಹೊಂದಬಲ್ಲರೆಂದು ೧೯೬೪ರ ನವೆಂಬರಿನ ಶಾಸನದಲ್ಲಿ ಹೇಳಿತು. ಅದಾದ ಕೆಲವೇ ದಿನಗಳಲ್ಲಿ ಪೋಪ್ ಆರನೆಯ ಪಾಲ್ ಮುಂಬಯಿಗೆ ಬಂದರು. ಅನ್ಯಮತಗಳ ಪ್ರತಿನಿಧಿಗಳ ಎದುರು ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯೊಂದನ್ನು ಉದ್ಧರಿಸಿ ಮಾತನಾಡಿದರು. ೧೯೬೫ರ ಅಕ್ಟೋಬರ್ ೨೮ರ ಘೋಷಣೆಯಲ್ಲಿ ಮಹಾಸಭೆಯು ಹಿಂದೂ, ಬೌದ್ಧ, ಇಸ್ಲಾಂ, ಯೆಹೂದ್ಯ ಧರ್ಮಗಳನ್ನು ಹೆಸರಿಸಿ, ಅವುಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಾನು ತಿರಸ್ಕರಿಸುವುದಿಲ್ಲವೆಂದು ಸಾರಿತು.

ಅಲ್ಲಿಗೆ ಪ್ರಶ್ನೆ ಮುಗಿಯಿತೆ? ಮುಗಿಯಲಿಲ್ಲ. ಇಲ್ಲಿರುವುದು ಒಂದು ಪ್ರಶ್ನೆಯಲ್ಲ, ಎರಡು. ಬೇರೆ ಮತದ ಮನುಷ್ಯನಿಗೆ ರಕ್ಷಣೆಯುಂಟೆ ಎಂಬುದು ಮೊದಲನೆಯದು. ಆ ರಕ್ಷಣೆ ಅವನಿಗೆ ಅವನ ಮತದ ಮೂಲಕವೇ ದೊರೆಯುವುದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಮಹಾಸಭೆ ಹೌದೆಂದಿತು. ಎರಡನೆಯದಕ್ಕೆ ನೇರವಾದ ಉತ್ತರ ಕೊಡಲಿಲ್ಲ. ಒಬ್ಬ ಹಿಂದೂ ರಕ್ಷಣೆ ಪಡೆದರೆ, ಅದು ಅವನ ಪೂಜೆ ಧ್ಯಾನಗಳಿಂದಲೋ, ಅವು ಇದ್ದರೂ ಅವುಗಳನ್ನು ಮೀರಿ ಬಂದ ಕ್ರಿಸ್ತನ ಕೃಪೆಯಿಂದಲೋ? ಈಚಿನ ವಾದವೆಲ್ಲ ಈ ಎರಡನೆಯ ಪ್ರಶ್ನೆಯ ಸುತ್ತಲಿನದು.

ಜರ್ಮನಿಯ ಕಾರ್ಲ್ ರಾನರ್ ಒಂದು ಮಧ್ಯದ ದಾರಿ ತೋರಿಸಿದರು. ರಕ್ಷಿಸುವವನು ಕ್ರಿಸ್ತನೊಬ್ಬನೇ, ಆದರೆ ಅವನ ಕೃಪೆ ಅನ್ಯಧರ್ಮಗಳ ಆಚಾರ ಪ್ರಾರ್ಥನೆಗಳ ಮೂಲಕವೂ ಕೆಲಸಮಾಡಬಲ್ಲದು, ಹಾಗೆ ಕೃಪೆಗೆ ಪಾತ್ರನಾದವನು ಹೆಸರಿಲ್ಲದ ಕ್ರೈಸ್ತನು ಎಂದರು. ಮಾತು ಉದಾರವಾಗಿತ್ತು. ಆದರೂ ಕೆಲವರಿಗೆ ಚುಚ್ಚಿತು. ಜಪಾನಿನ ಬೌದ್ಧ ತತ್ತ್ವಜ್ಞ ನಿಶಿತಾನಿ ಒಮ್ಮೆ, ನಿಮ್ಮನ್ನು ನಾನು ಹೆಸರಿಲ್ಲದ ಝೆನ್ ಬೌದ್ಧರೆಂದು ಕರೆದರೆ ಏನನ್ನುತ್ತೀರಿ ಎಂದು ರಾನರರನ್ನು ಕೇಳಿದರು. ನಿಮ್ಮ ದೃಷ್ಟಿಯಿಂದ ಹಾಗೆ ಕರೆಯಲೇಬೇಕು, ಅದು ನನಗೆ ಗೌರವವೇ ಎಂಬುದು ರಾನರರ ಉತ್ತರ. ವಾದದಲ್ಲಿ ಇಂಥ ಸೌಜನ್ಯ ಅಪರೂಪ.

ಪ್ರೊಟೆಸ್ಟಂಟರಲ್ಲಿಯೂ ಒಮ್ಮತವಿಲ್ಲ. ಕ್ರಿಸ್ತನೇ ಹಿಂದೂಧರ್ಮದ ಹಂಬಲಗಳ ಪೂರ್ಣತೆಯೆಂದು ಫರ್ಕುಹರ್ ಎಂಬ ಮಿಷನರಿ ೧೯೧೩ರಲ್ಲಿ ಗ್ರಂಥ ಬರೆದರು. ಧರ್ಮಗಳು ಮನುಷ್ಯನ ಪ್ರಯತ್ನ, ಸುವಾರ್ತೆಯಾದರೋ ದೇವರೇ ಇಳಿದು ಬಂದ ಘಟನೆ, ಎರಡಕ್ಕೂ ಏಣಿಯಿಲ್ಲ ಎಂದು ಹಾಲೆಂಡಿನ ಹೆಂಡ್ರಿಕ್ ಕ್ರೇಮರ್ ೧೯೩೮ರಲ್ಲಿ ವಾದಿಸಿದರು. ಆ ವರ್ಷ ಮದರಾಸಿನ ಬಳಿಯ ತಾಂಬರಂನಲ್ಲಿ ಕೂಡಿದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಅದೇ ದೊಡ್ಡ ಚರ್ಚೆ. ಚೆಂಚಯ್ಯನವರಂಥ ಭಾರತೀಯ ಕ್ರೈಸ್ತರು ಅದನ್ನು ಒಪ್ಪಲಿಲ್ಲ. ಹಿಂದೂ ಪರಂಪರೆ ತಮಗೆ ಪರಕೀಯವಲ್ಲ, ತಾಯಿಮನೆಯೆಂಬುದು ಅವರ ಭಾವನೆ. ಕೊನೆಗೆ ೧೯೮೯ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ನಡೆದ ಸಮ್ಮೇಳನ, ಕ್ರಿಸ್ತನನ್ನು ಬಿಟ್ಟು ಬೇರೆ ದಾರಿಯನ್ನು ತಾವು ತೋರಿಸಲಾರೆವು, ಆದರೆ ದೇವರ ರಕ್ಷಕಶಕ್ತಿಗೆ ಎಲ್ಲೆ ಹಾಕಲೂ ಆರೆವು ಎಂಬಲ್ಲಿಗೆ ಬಂದು ನಿಂತಿತು.

ಇದರಿಂದಾಚೆಗೆ ಹೋದವರೂ ಉಂಟು. ಇಂಗ್ಲೆಂಡಿನ ಜಾನ್ ಹಿಕ್, ಭೂಮಿಯ ಸುತ್ತ ಸೂರ್ಯ ತಿರುಗುವುದಿಲ್ಲವೆಂದು ಕೋಪರ್ನಿಕಸ್ ತೋರಿಸಿದ ಹಾಗೆ, ಧರ್ಮಗಳ ನಡುವೆ ಇರುವುದು ಕ್ರೈಸ್ತಮತವಲ್ಲ, ದೇವರು ಎಂದು ೧೯೭೩ರಲ್ಲಿ ಬರೆದರು. ೧೯೨೦ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಸ್ಟ್ಯಾನ್ಲಿ ಸಮರ್ಥರು, ೧೯೭೧ರಲ್ಲಿ ಜಿನೀವಾದ ವಿಶ್ವ ಸಭಾಮಂಡಲಿಯ ಧರ್ಮಸಂವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ಕ್ರೈಸ್ತನಿಗೆ ಕ್ರಿಸ್ತನಲ್ಲಿರುವ ನಿಷ್ಠೆ ಪೂರ್ಣವಾಗಿರಲಿ, ಆದರೆ ದೇವರೆಂಬ ರಹಸ್ಯ ಯಾವ ಒಂದು ಧರ್ಮದ ಸ್ವತ್ತೂ ಅಲ್ಲ ಎಂಬುದು ಅವರ ನಿಲುವು. ರೋಮ್ ಇಷ್ಟು ದೂರ ಬರಲೊಪ್ಪಲಿಲ್ಲ. ಅನ್ಯಧರ್ಮದವರು ಕೃಪೆ ಪಡೆಯಬಲ್ಲರಾದರೂ ಅವರ ಸ್ಥಿತಿಯಲ್ಲಿ ದೊಡ್ಡ ಕೊರತೆಯುಂಟೆಂದು ೨೦೦೦ದಲ್ಲಿ ಮತ್ತೆ ಎಚ್ಚರಿಸಿತು. ಎಲ್ಲರೂ ಅವರವರ ದಾರಿಯಲ್ಲೇ ಮುಟ್ಟುವುದಾದರೆ ಸುವಾರ್ತೆ ಸಾರುವುದೇತಕ್ಕೆ ಎಂಬ ಅದರ ಆತಂಕವನ್ನು ನಾವು ಹಗುರವಾಗಿ ಕಾಣಬಾರದು. ಒಂದು ಮತ ತನ್ನ ಪ್ರಾಣವೆಂದು ತಿಳಿದದ್ದರ ಪ್ರಶ್ನೆ ಅದು.

ಇಷ್ಟನ್ನು ಓದಿ, ನಮ್ಮಲ್ಲಿ ಈ ತೊಡಕೇ ಇಲ್ಲ, ನದಿಗಳೆಲ್ಲ ಸೇರುವುದು ಒಂದೇ ಕಡಲನ್ನು ಎಂದು ನೀವು ಅಂದುಕೊಳ್ಳಬಹುದು. ಸ್ವಲ್ಪ ತಾಳಿ. ಮುಕ್ತಿಗೆ ಯೋಗ್ಯರು, ನಿತ್ಯಸಂಸಾರಿಗಳು, ತಮಸ್ಸಿಗೆ ಯೋಗ್ಯರು ಎಂದು ಜೀವರನ್ನು ವಿಂಗಡಿಸಿದ ಮಧ್ವಾಚಾರ್ಯರು ಕನ್ನಡ ಕರಾವಳಿಯವರೇ. ಇನ್ನು, ಯೇಸುವೂ ಒಂದು ಅವತಾರ ಎನ್ನುವಾಗ, ರಾನರ್ ನಮ್ಮನ್ನು ಹೆಸರಿಲ್ಲದ ಕ್ರೈಸ್ತರೆಂದಂತೆಯೇ ನಾವು ಕ್ರೈಸ್ತರನ್ನು ಹೆಸರಿಲ್ಲದ ಹಿಂದೂಗಳನ್ನಾಗಿ ಮಾಡಿಕೊಳ್ಳುತ್ತೇವೆ. ಎಲ್ಲ ದಾರಿಯೂ ಒಂದೇ ಊರಿಗೆ ಎನ್ನುವುದೂ ಒಂದು ತೀರ್ಪೇ. ಬೌದ್ಧನ ನಿರ್ವಾಣ, ಅದ್ವೈತಿಯ ಐಕ್ಯ, ಕ್ರೈಸ್ತನ ರಕ್ಷಣೆ ಒಂದೇ ಊರಿನ ಮೂರು ಹೆಸರೆಂದು ಆ ಮೂವರೂ ಒಪ್ಪಬೇಕಲ್ಲ. ಧರ್ಮಗಳ ದಾರಿಗಳು ಮಾತ್ರವಲ್ಲ, ಮುಟ್ಟುವ ಊರುಗಳೇ ಬೇರೆಯಿರಬಹುದು ಎಂದು ಅಮೆರಿಕದ ಮಾರ್ಕ್ ಹೈಮ್ ೧೯೯೫ರಲ್ಲಿ ವಾದಿಸಿದ್ದು ಈ ಕಾರಣದಿಂದಲೇ.

ದಾಂತೆಯ ಕಾವ್ಯದಲ್ಲಿ ಆ ಸಂದೇಹಕ್ಕೆ ಬರುವ ಉತ್ತರ ಅರ್ಧ ಗದರಿಕೆ, ಅರ್ಧ ಭರವಸೆ. ದೇವರ ನ್ಯಾಯವನ್ನು ಅಳೆಯಲು ನೀನಾರು ಎಂಬುದು ಗದರಿಕೆ. ಕ್ರಿಸ್ತನ ಹೆಸರನ್ನು ಕೂಗುವ ಎಷ್ಟೋ ಜನ, ತೀರ್ಪಿನ ದಿನ, ಅವನನ್ನರಿಯದವರಿಗಿಂತ ಅವನಿಂದ ದೂರ ನಿಂತಿರುತ್ತಾರೆ ಎಂಬುದು ಅದರ ಜೊತೆಗಿನ ಎಚ್ಚರಿಕೆ. ಭರವಸೆಯಾಗಿ ಕವಿ, ಕ್ರಿಸ್ತನಿಗಿಂತ ಸಾವಿರ ವರ್ಷ ಮೊದಲಿದ್ದ ರಿಫಿಯಸ್ ಎಂಬ ಟ್ರಾಯ್ ನಗರದ ನ್ಯಾಯವಂತನನ್ನು ಸ್ವರ್ಗದಲ್ಲಿ ಕೂರಿಸಿದ್ದಾನೆ. ಕ್ರೈಸ್ತ ಲೋಕದ ಬಹುಭಾಗ ಇಂದು ಮೊದಲನೆಯ ಪ್ರಶ್ನೆಯಲ್ಲಿ ಆ ಭರವಸೆಯ ಕಡೆಗೆ ಬಂದಿದೆ. ಎರಡನೆಯ ಪ್ರಶ್ನೆಯಲ್ಲಿ ವಾದ ನಡೆಯುತ್ತಲೇ ಇದೆ. ನಿಮ್ಮ ಬೀದಿಯ ಕ್ರೈಸ್ತ ನೆರೆಯವರೊಡನೆ ಎಂದಾದರೂ ಈ ಮಾತು ಬಂದರೆ, ಎರಡು ಪ್ರಶ್ನೆಗಳನ್ನೂ ಬೇರೆಬೇರೆಯಾಗಿಯೇ ಕೇಳಿ. ಅವರು ತಮ್ಮ ನಂಬಿಕೆಯನ್ನು ಬಿಟ್ಟುಕೊಡದೆ ನಿಮ್ಮ ಹಿರಿಯರಿಗೆ ಒಳಿತನ್ನು ಬಯಸಬಲ್ಲರು. ನೀವೂ ನಿಮ್ಮ ನಂಬಿಕೆಯನ್ನು ಬಿಡದೆ ಅವರ ಮಾತನ್ನು ಪೂರ್ತಿಯಾಗಿ ಕೇಳಬಲ್ಲಿರಿ.