ಕೈಯ ಕೀರ್ತಿ, ಅಂಕಿಯ ಸಾಕ್ಷಿ

ಕವಿಯ ಕೀರ್ತಿಗೆ ಅವನ ಕಾವ್ಯವೇ ಸಾಕ್ಷಿ. ಸಂಶಯ ಬಂದರೆ ಪುಸ್ತಕ ತೆರೆದು ಓದಬಹುದು. ಕ್ರಿಕೆಟ್ಟಿನಲ್ಲಿ ದಾಂಡಿಗನಿಗೆ ಓಟಗಳೂ ಬೌಲರನಿಗೆ ವಿಕೆಟ್ಟುಗಳೂ ಸಾಕ್ಷಿ ನುಡಿಯುತ್ತವೆ. ಆದರೆ ಕ್ಷೇತ್ರರಕ್ಷಣೆಯ ಕೀರ್ತಿಗೆ ಸಾಕ್ಷಿ ಯಾವುದು? ‘ಆ ತಂಡದ ಕ್ಷೇತ್ರರಕ್ಷಣೆ ಕೋಟೆಯಂಥದು’ ಎಂದು ಒಬ್ಬರು ಹೇಳಿದರೆ ಹತ್ತು ಜನ ತಲೆದೂಗುತ್ತಾರೆ. ಅಳೆದು ನೋಡಿದವರು ಮಾತ್ರ ವಿರಳ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿಯೂ ಸಲ್ಲುವುದೇ ಎಂಬುದು ವಿಚಾರಣೀಯ.

ಕರ್ನಾಟಕದ ಮಟ್ಟಿಗೆ ಈ ಕೀರ್ತಿ ಸಣ್ಣದಲ್ಲ. ಸ್ಲಿಪ್ಪಿನಲ್ಲಿ ನಿಂತ ನಮ್ಮವರ ಕೈ ಭದ್ರ ಎಂಬ ಮಾತು ಎರಡು ತಲೆಮಾರುಗಳಿಂದ ನಡೆದುಬಂದಿದೆ. ಇಲ್ಲಿಗೆ ಸಮೀಪದ ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದ ಜಿ. ಆರ್. ವಿಶ್ವನಾಥ್ 91 ಟೆಸ್ಟ್ ಪಂದ್ಯಗಳಲ್ಲಿ 63 ಕ್ಯಾಚುಗಳನ್ನು ಹಿಡಿದರು. ಸೈಯದ್ ಕಿರ್ಮಾನಿ ವಿಕೆಟ್ಟಿನ ಹಿಂದೆ ನಿಂತು 88 ಪಂದ್ಯಗಳಲ್ಲಿ 198 ಜನರನ್ನು ಹೊರಗೆ ಕಳಿಸಿದರು. ಅದರಲ್ಲಿ 38 ಸ್ಟಂಪಿಂಗುಗಳು. ಅನಂತರ ಬಂದ ರಾಹುಲ್ ದ್ರಾವಿಡ್ 164 ಪಂದ್ಯಗಳಲ್ಲಿ 210 ಕ್ಯಾಚುಗಳನ್ನು ಹಿಡಿದರು. ವಿಕೆಟ್‌ಕೀಪರನಲ್ಲದವರ ಪೈಕಿ ಬಹುಕಾಲ ಅದೇ ವಿಶ್ವದಾಖಲೆಯಾಗಿತ್ತು. 2025ರ ಜುಲೈಯಲ್ಲಿ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಜೋ ರೂಟ್ ಅದನ್ನು ಮೀರಿದರು. ಆ ಕ್ಯಾಚಿಗೆ ಬಲಿಯಾದ ದಾಂಡಿಗ ಕರುಣ್ ನಾಯರ್ ಕೂಡ ನಮ್ಮ ರಾಜ್ಯದ ಪರ ಆಡಿದವರೇ!

ಇನ್ನು ಪಂದ್ಯಗಳ ಲೆಕ್ಕದಿಂದ ಭಾಗಿಸಿ ನೋಡೋಣ. ದ್ರಾವಿಡರ ಸರಾಸರಿ ಪಂದ್ಯಕ್ಕೆ 1.28. ವಿಶ್ವನಾಥರದು 0.69. ಮುಂಬಯಿಯ ಏಕನಾಥ ಸೋಲ್ಕರ್ ಕೇವಲ 27 ಪಂದ್ಯಗಳಲ್ಲಿ 53 ಕ್ಯಾಚು ಹಿಡಿದರು, ಸರಾಸರಿ 1.96. ಹಾಗಾದರೆ ಸೋಲ್ಕರರ ಕೈ ವಿಶ್ವನಾಥರ ಕೈಗಿಂತ ಸುಮಾರು ಮೂರು ಪಟ್ಟು ಉತ್ತಮವೆ? ಅಷ್ಟು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಸೋಲ್ಕರ್ ನಿಂತದ್ದು ದಾಂಡಿಗನ ಬಗಲಿನಲ್ಲಿ, ಶಾರ್ಟ್ ಲೆಗ್ಗಿನಲ್ಲಿ. ಬೌಲ್ ಮಾಡಿದವರು ಪ್ರಸನ್ನ, ಚಂದ್ರಶೇಖರ್, ಬೇಡಿ, ವೆಂಕಟರಾಘವನ್. ಚೆಂಡು ಅವರತ್ತ ಪದೇ ಪದೇ ಬರುತ್ತಿತ್ತು. ಚೆಂಡೇ ಬರದ ಕಡೆ ನಿಂತವನು ಎಷ್ಟೇ ನಿಪುಣನಾದರೂ ಅವನ ಲೆಕ್ಕದಲ್ಲಿ ಕ್ಯಾಚು ಜಮೆಯಾಗದು. ಅಂದರೆ, ಹಿಡಿದವನ ಸಂಖ್ಯೆಯಲ್ಲಿ ಬೌಲರನ ಪಾಲೂ ಇದೆ. ದ್ರಾವಿಡರ 210ರಲ್ಲಿ 55 ಕ್ಯಾಚುಗಳು ಅನಿಲ್ ಕುಂಬ್ಳೆಯವರ ಎಸೆತದಲ್ಲಿ ದೊರೆತವು. ಇಬ್ಬರೂ ಒಂದೇ ಮೈದಾನದಲ್ಲಿ ಬೆಳೆದವರು. ಯಾರ ಕೀರ್ತಿ ಯಾರಿಗೆ ಎಷ್ಟು ಎರವಲು ಎಂದು ಬಿಡಿಸಿ ಹೇಳುವುದು ಕಷ್ಟ.

ಎರಡನೆಯ ತೊಡಕು ಇನ್ನೂ ಗಹನವಾದುದು. ಅಂಕಪಟ್ಟಿ ಹಿಡಿದ ಕ್ಯಾಚನ್ನು ಬರೆಯುತ್ತದೆ, ಕೈಚೆಲ್ಲಿದ ಕ್ಯಾಚನ್ನು ಬರೆಯುವುದಿಲ್ಲ. ಹತ್ತು ಅವಕಾಶಗಳಲ್ಲಿ ಒಂಬತ್ತನ್ನು ಹಿಡಿದವನೂ, ಇಪ್ಪತ್ತರಲ್ಲಿ ಒಂಬತ್ತನ್ನು ಹಿಡಿದವನೂ ಅಲ್ಲಿ ಸಮಾನರು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಇದಕ್ಕೆ ವಿಪರೀತವಾದ ಪದ್ಧತಿ ಇದೆ. ಅಲ್ಲಿ ತಪ್ಪುಗಳನ್ನೇ ಎಣಿಸಿ ಬರೆಯುತ್ತಾರೆ. ಆದರೆ ಅಲ್ಲಿಯೂ ಒಂದು ಅನ್ಯಾಯ ಉಳಿಯಿತು. ಓಡಿ ಹೋಗಿ ಚೆಂಡನ್ನು ಮುಟ್ಟಿ ಬಿಟ್ಟವನಿಗೆ ತಪ್ಪು ಬೀಳುತ್ತಿತ್ತು. ಓಡದೆ ನಿಂತಲ್ಲೇ ನಿಂತವನು ನಿರ್ದೋಷಿಯಾಗಿ ಉಳಿಯುತ್ತಿದ್ದ! ತಪ್ಪಿನ ಎಣಿಕೆಗಿಂತ, ಆಟಗಾರ ಎಷ್ಟು ಚೆಂಡುಗಳನ್ನು ತಲುಪಿ ದಾಂಡಿಗರನ್ನು ಹೊರಗೆ ಕಳಿಸಿದ ಎಂಬ ಎಣಿಕೆಯೇ ಮುಖ್ಯವೆಂದು ಬಿಲ್ ಜೇಮ್ಸ್ ಎಂಬ ಲೇಖಕರು 1970ರ ದಶಕದಲ್ಲಿ ವಾದಿಸಿದರು. ನಮ್ಮ ಆಟಕ್ಕೂ ಈ ವಿವೇಕ ಅನ್ವಯಿಸುತ್ತದೆ.

1974ರ ರಣಜಿ ಸೆಮಿಫೈನಲನ್ನು ನೆನೆಯಿರಿ. ಸತತ ಹದಿನೈದು ವರ್ಷ ಪ್ರಶಸ್ತಿ ಗೆದ್ದಿದ್ದ ಮುಂಬಯಿ ತಂಡವನ್ನು ಬೆಂಗಳೂರಿನಲ್ಲಿ ಕರ್ನಾಟಕ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಹಿಂದಿಕ್ಕಿತು. ವಿಶ್ವನಾಥರ 162 ಓಟಗಳೂ, ಗಾವಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದ್ದೂ ಜನರ ನೆನಪಿನಲ್ಲಿವೆ. ಆದರೆ ಕಾಲು ಜಾರಿದ ಅಜಿತ್ ವಾಡೇಕರ್ ರನೌಟಾದದ್ದು ಯಾವ ಬೌಲರನ ವಿಕೆಟ್ ಲೆಕ್ಕಕ್ಕೂ, ಯಾರ ಕ್ಯಾಚಿನ ಲೆಕ್ಕಕ್ಕೂ ಸೇರಲಿಲ್ಲ. ಪಂದ್ಯದ ದಿಕ್ಕನ್ನು ತಿರುಗಿಸಬಲ್ಲ ಕ್ಷೇತ್ರರಕ್ಷಣೆ ಹೀಗೆ ಅಂಕಿಗಳ ನಡುವೆ ಸೋರಿಹೋಗುತ್ತದೆ.

ಹಾಗಾದರೆ ನಮ್ಮವರ ಕೀರ್ತಿ ನಿಜವೋ ಹುಸಿಯೋ? ದ್ರಾವಿಡರ ವಿಷಯದಲ್ಲಿ ಅನುಮಾನಕ್ಕೆ ಎಡೆ ಕಡಿಮೆ. ಹದಿನಾರು ವರ್ಷ, ದೇಶ ದೇಶಗಳ ಪಿಚ್ಚುಗಳಲ್ಲಿ, ವೇಗಕ್ಕೂ ಸ್ಪಿನ್ನಿಗೂ ಅದೇ ಸ್ಲಿಪ್ ಸ್ಥಾನವನ್ನು ಒಬ್ಬನಿಗೆ ವಹಿಸಿಕೊಡುವುದು ನಾಯಕರು ಕೊಟ್ಟ ಪ್ರಮಾಣಪತ್ರವೇ ಸರಿ. ವಿಶ್ವನಾಥರ ಸಂಖ್ಯೆ ಚಿಕ್ಕದಾದರೂ ಅದು ಕೈಯ ದೋಷವನ್ನು ಸಾಬೀತು ಮಾಡುವುದಿಲ್ಲ. ಇಡೀ ತಂಡದ ಕೀರ್ತಿಯನ್ನು ಮಾತ್ರ ಎಚ್ಚರದಿಂದ ಒಪ್ಪಬೇಕು: ಅದರಲ್ಲಿ ಒಂದು ಭಾಗ ಕೈಗಳದು, ಒಂದು ಭಾಗ ಆ ಕೈಗಳತ್ತ ಚೆಂಡನ್ನು ಕಳಿಸಿದ ಬೆರಳುಗಳದು.

ಇಲ್ಲಿನ ಭದ್ರಾ ಅಣೆಕಟ್ಟೆಯನ್ನು ನೋಡಲು ಬರುವವರು ಗೇಟಿನಿಂದ ಧುಮುಕುವ ನೀರನ್ನು ಕಂಡು ಬೆರಗಾಗುತ್ತಾರೆ. ಕಟ್ಟೆಯ ನಿಜವಾದ ಕೆಲಸವಾದರೋ ಹಿಂದೆ ಸದ್ದಿಲ್ಲದೆ ನಿಂತ ನೀರಿನಲ್ಲಿದೆ. ಕ್ಷೇತ್ರರಕ್ಷಣೆಯೂ ಹಾಗೆಯೇ, ಆಗದೆ ಹೋದ ಓಟಗಳೇ ಅದರ ಸಂಪಾದನೆ. ಮುಂದಿನ ಪಂದ್ಯ ನೋಡುವಾಗ ಒಂದು ಹಾಳೆಯನ್ನು ಬಳಿಯಲ್ಲಿಟ್ಟುಕೊಳ್ಳಿ. ಹಿಡಿದುದನ್ನು ಒಂದು ಕಡೆ, ಬಿಟ್ಟುದನ್ನು ಇನ್ನೊಂದು ಕಡೆ, ತಡೆದುದನ್ನು ಮೂರನೆಯ ಕಡೆ ಗುರುತಿಸಿ. ಅನಂತರ ಹೊಗಳುವವರ ಮಾತಿಗೆ ತಲೆದೂಗಬೇಕೆ ಬೇಡವೆ ಎಂಬುದನ್ನು ಆ ಹಾಳೆಯೇ ಹೇಳುತ್ತದೆ.