ಎಲೆಯಿಂದ ಗಿಡ

ಎಲೆಯನ್ನು ನೆಟ್ಟು ಗಿಡವನ್ನು ಬೆಳೆಯಿಸಬೇಕೆಂಬ ಆಶೆಯುಳ್ಳ ವಾಚಕರು ಮೊದಲು ನಮ್ಮ ಪೆದ್ದತನವನ್ನು ಕೇಳಬೇಕು. ಅಸ್ಸಾಮಿನ ಕಾಡುಗಳಿಂದ ನಮ್ಮ ಕುಂಡಗಳಿಗೆ ಬಂದ ಅಲಂಕಾರದ ರಬ್ಬರು ಗಿಡದ ಚೆಲುವಾದ ಎಲೆಯೊಂದನ್ನು ನಾವು ತೊಟ್ಟಿನೊಡನೆ ಕಿತ್ತು ತೇವದ ಮರಳಿನಲ್ಲಿ ನೆಟ್ಟೆವು. ಬೇರು ಬಂದಿತು; ಎಲೆಯೂ ಹಸುರಾಗಿಯೇ ಉಳಿಯಿತು. ಚಿಗುರು ಮಾತ್ರ ಮಳೆಗಾಲ ಕಳೆದು ಬೇಸಗೆ ಬಂದರೂ ಕಾಣಲಿಲ್ಲ. ಮನೆಯವರು ಅದಕ್ಕೆ ‘ಸಂನ್ಯಾಸಿ’ ಎಂದು ಹೆಸರಿಟ್ಟರು!

ಕಾಡುಬಸಳೆಯಾದರೆ ಎಲೆಯಂಚಿನ ಕಚ್ಚುಗಳಲ್ಲಿಯೇ ಮರಿಗಿಡಗಳನ್ನು ಹುಟ್ಟಿಸುತ್ತದೆ. ರಬ್ಬರು ಗಿಡದಲ್ಲಿಯೂ ಕ್ರೋಟನ್ನಿನಲ್ಲಿಯೂ ಚಿಗುರುವ ಕಣ್ಣು ಇರುವುದು ಎಲೆಯಲ್ಲಲ್ಲ, ತೊಟ್ಟು ಕಾಂಡವನ್ನು ಸೇರುವ ಕಂಕುಳಿನಲ್ಲಿ. ಆದುದರಿಂದ ಆ ಕಣ್ಣೂ ಅಂಗುಲದಷ್ಟು ಕಾಂಡವೂ ಎಲೆಯೊಡನೆ ಬರುವಂತೆ ಹರಿತವಾದ ಚೂರಿಯಿಂದ ಕೊಯ್ಯತಕ್ಕದ್ದು. ರಬ್ಬರು ಗಿಡದಿಂದ ಒಸರುವ ಹಾಲನ್ನು ತೊಳೆದು (ಮೈಗೆ ತಗಲಿದರೆ ಕೆಲವರಿಗೆ ತುರಿಸುವುದು; ಮಕ್ಕಳು ದೂರವಿರಲಿ), ಅಗಲವಾದ ಎಲೆಯನ್ನು ಸುರುಳಿಮಾಡಿ ದಾರದಿಂದ ಕಟ್ಟಿ, ಕಣ್ಣು ಮರಳಿನ ಮೇಲ್ಮಟ್ಟದಲ್ಲಿರುವಂತೆ ನೆಟ್ಟು, ಮೇಲೆ ಗಾಜಿನ ಭರಣಿಯನ್ನು ಬೋರಲು ಹಾಕಿ, ನೆರಳಿನಲ್ಲಿಡಬೇಕು. ಮರಳು ತೇವವಾಗಿದ್ದರೆ ಸಾಕು. ನೀರು ನಿಂತರೆ ಬುಡ ಕೊಳೆಯುವುದು.

ಎರಡನೆಯ ಸಲ ನೆಟ್ಟ ಎಲೆಯ ಬುಡದಲ್ಲಿ ಈಗ ಕೆಂಪು ಮೊನೆಯೊಂದು ಎದ್ದಿದೆ. ಸಂನ್ಯಾಸಿಯನ್ನೂ ನಾವು ಕಿತ್ತೆಸೆದಿಲ್ಲ.