ಸಂಜೆ ಐದಕ್ಕೆ ಮತ ಹಾಕುವ ಸಂಸತ್ತು

ಎಡಿನ್‌ಬರಾದ ರಾಯಲ್ ಮೈಲ್ ರಸ್ತೆ ಕೋಟೆಯಿಂದ ಇಳಿಯುತ್ತ ಬಂದು ಹಾಲಿರೂಡ್ ಅರಮನೆಯ ಮುಂದೆ ಮುಗಿಯುತ್ತದೆ. ಅರಮನೆಯ ಎದುರಿಗೇ ಸ್ಕಾಟ್ಲೆಂಡಿನ ಸಂಸತ್ತು, ಅದರಾಚೆ ಆರ್ಥರ್ಸ್ ಸೀಟ್ ಎಂಬ ಗುಡ್ಡ. ನಾವು ವಿಧಾನಸೌಧ ಎಂದು ಹೇಳಿ ಸರ್ಕಾರವನ್ನೇ ಸೂಚಿಸುವ ಹಾಗೆ ಅಲ್ಲಿನವರಿಗೆ ಹಾಲಿರೂಡ್ ಎಂದರೆ ಸಂಸತ್ತು. ಕಲಾಪವಿರುವ ದಿನ ಸಾಮಾನ್ಯವಾಗಿ ಸಂಜೆ ಐದಕ್ಕೆ ಡಿಸಿಷನ್ ಟೈಮ್. ಅಂದಿನ ಚರ್ಚೆಗಳ ಮೇಲಿನ ಮತದಾನವೆಲ್ಲ ಸಾಲಾಗಿ ಆಗಲೇ ನಡೆಯುತ್ತದೆ. ಮತಕ್ಕೆ ವಿದ್ಯುನ್ಮಾನ ವ್ಯವಸ್ಥೆಯಿದೆ, ಲಂಡನ್ನಿನ ಸಂಸದರ ಹಾಗೆ ಲಾಬಿಗೆ ಎದ್ದು ಹೋಗಿ ತಲೆ ಎಣಿಸಿಕೊಳ್ಳಬೇಕಿಲ್ಲ. ಅಧಿವೇಶನದ ಬಿಡುವುಗಳನ್ನೂ ಶಾಲೆಗಳ ರಜೆಗೆ ಹೊಂದಿಸಿದ್ದಾರೆ. ಮನೆಯಲ್ಲಿ ಮಕ್ಕಳಿರುವವರೂ ಸದಸ್ಯರಾಗಲಿ ಎಂಬುದು ಈ ಸಂಸತ್ತನ್ನು ಕಟ್ಟಿದವರ ಆಸೆಯಾಗಿತ್ತು.

ಕಟ್ಟಿದ್ದು ಅನ್ನುವುದಕ್ಕಿಂತ ಮತ್ತೆ ಕೂಡಿಸಿದ್ದು ಅನ್ನಬೇಕೇನೋ. 1707ರಲ್ಲಿ ಇಂಗ್ಲೆಂಡಿನೊಂದಿಗೆ ಒಂದಾದಾಗ ಸ್ಕಾಟ್ಲೆಂಡಿನ ಹಳೆಯ ಸಂಸತ್ತು ಕೊನೆಗೊಂಡಿತು. 1979ರ ಜನಮತದಲ್ಲಿ ಹೌದು ಎಂದವರೇ ಹೆಚ್ಚಿದ್ದರೂ ಒಟ್ಟು ಮತದಾರರ ಶೇ 40ರಷ್ಟು ಬೆಂಬಲ ಬೇಕೆಂಬ ಷರತ್ತು ಅಡ್ಡ ಬಂತು. 1997ರ ಸೆಪ್ಟೆಂಬರ್ 11ರಂದು ಶೇ 74.3 ಮಂದಿ ಸಂಸತ್ತು ಬೇಕೆಂದರು. 1999ರ ಮೇ 12ರಂದು ಮೊದಲ ಸಭೆ ಸೇರಿದಾಗ ಹಿರಿಯ ಸದಸ್ಯೆ ವಿನ್ನಿ ಯೂಯಿಂಗ್ ಅಧ್ಯಕ್ಷಪೀಠದಿಂದ ಸಾರಿದ್ದು ಹೊಸ ಸಂಸತ್ತಿನ ಉದ್ಘಾಟನೆಯನ್ನಲ್ಲ. 1707ರ ಮಾರ್ಚ್ 25ರಂದು ಮುಂದೂಡಿದ ಸಂಸತ್ತು ಮತ್ತೆ ಸೇರಿದೆ ಎಂದು. 292 ವರ್ಷಗಳ ವಿರಾಮವನ್ನು ಊಟದ ಬಿಡುವಿನಷ್ಟೇ ಹಗುರವಾಗಿ ದಾಟಿಬಿಟ್ಟ ಆ ಧಾಟಿ ನನಗೆ ಬಹಳ ಇಷ್ಟ.

ಕಟ್ಟಡದ ಕಥೆ ಅಷ್ಟು ಹಗುರವಲ್ಲ. 1 ರಿಂದ 4 ಕೋಟಿ ಪೌಂಡ್ ಎಂದು ಶುರುವಾದ ಅಂದಾಜು ಕೊನೆಗೆ 41.4 ಕೋಟಿಗೆ ಹೋಗಿ ನಿಂತಿತು. ವಿನ್ಯಾಸ ಮಾಡಿದ ಕ್ಯಾಟಲಾನ್ ವಾಸ್ತುಶಿಲ್ಪಿ ಎನ್ರಿಕ್ ಮಿರಾಯೆಸ್, ಪಟ್ಟು ಹಿಡಿದು ಕೆಲಸ ಆರಂಭಿಸಿದ ಮೊದಲ ಫಸ್ಟ್ ಮಿನಿಸ್ಟರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಡೊನಾಲ್ಡ್ ಡ್ಯೂವರ್ ಇಬ್ಬರೂ 2000ದಲ್ಲೇ ತೀರಿಕೊಂಡರು. 2004ರಲ್ಲಿ ಬಾಗಿಲು ತೆರೆದ ಕಟ್ಟಡಕ್ಕೆ ಮರುವರ್ಷವೇ ಬ್ರಿಟನ್ನಿನ ದೊಡ್ಡ ವಾಸ್ತುಶಿಲ್ಪ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿ ಬಂತು. ತೆರಿಗೆದಾರರ ಗೊಣಗಾಟ ನಿಲ್ಲಲು ಇನ್ನೂ ಕೆಲವು ವರ್ಷ ಬೇಕಾದವು.

129 ಸದಸ್ಯರು, ಒಂದೇ ಸದನ. ನಮ್ಮ ವಿಧಾನ ಪರಿಷತ್ತಿನಂತಹ ಮೇಲ್ಮನೆ ಇಲ್ಲ, ಪದವೀಧರರಿಗೆ, ಶಿಕ್ಷಕರಿಗೆ ಪ್ರತ್ಯೇಕ ಕ್ಷೇತ್ರಗಳೂ ಇಲ್ಲ. 73 ಮಂದಿ ಕ್ಷೇತ್ರಗಳಿಂದ, ಉಳಿದ 56 ಮಂದಿ ಎಂಟು ವಲಯಗಳ ಪಟ್ಟಿಗಳಿಂದ ಮತಪ್ರಮಾಣಕ್ಕೆ ತಕ್ಕಂತೆ ಬರುತ್ತಾರೆ. ಹೀಗಾಗಿ ಒಂದೇ ಪಕ್ಷಕ್ಕೆ ಬಹುಮತ ಸಿಗುವುದು ಅಪರೂಪ. 16 ತುಂಬಿದವರಿಗೆ ಮತದ ಹಕ್ಕಿದೆ. ಶಾಲೆ ಬಿಟ್ಟ ಮೇಲೆ ಏನು ಎಂದು ಯೋಚಿಸುತ್ತಿರುವ ಹುಡುಗಿ ಆ ಬಗ್ಗೆ ಕಾನೂನು ಮಾಡುವವರನ್ನೂ ಆರಿಸಬಹುದು.

ಅಧಿಕಾರ ಹಂಚಿದ ಬಗೆ ಕುತೂಹಲಕರ. ನಮ್ಮ ಸಂವಿಧಾನದಲ್ಲಿ ಕೇಂದ್ರ, ರಾಜ್ಯ, ಸಮವರ್ತಿ ಎಂದು ಮೂರು ಪಟ್ಟಿಗಳಿವೆ. 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಒಯ್ದಿತು. 1998ರ ಸ್ಕಾಟ್ಲೆಂಡ್ ಕಾಯ್ದೆಯಲ್ಲಿರುವುದು ಲಂಡನ್ ತನ್ನಲ್ಲೇ ಉಳಿಸಿಕೊಂಡ ವಿಷಯಗಳ ಪಟ್ಟಿ ಮಾತ್ರ: ರಕ್ಷಣೆ, ವಿದೇಶ ವ್ಯವಹಾರ, ವಲಸೆ ಇತ್ಯಾದಿ. ಅದರಲ್ಲಿಲ್ಲದ್ದು ಹಾಲಿರೂಡಿನದು. ಆಸ್ಪತ್ರೆ, ಪೊಲೀಸ್, ಶಾಲೆ, ಕಾಲೇಜು, ವಿಶ್ವವಿದ್ಯಾಲಯ ಎಲ್ಲ ಹೀಗೆ ಅದರ ಪಾಲಿಗೆ ಬಂದವು. ವೃದ್ಧರಿಗೆ 2002ರಿಂದ ಉಚಿತ ಆರೈಕೆ, 2011ರಿಂದ ಔಷಧ ಚೀಟಿಗೆ ಶುಲ್ಕವಿಲ್ಲ, 2013ರಲ್ಲಿ ಎಂಟು ಪೊಲೀಸ್ ಪಡೆಗಳನ್ನು ಕೂಡಿಸಿ ಒಂದು. ಇವೆಲ್ಲ ಇಲ್ಲಿಯ ತೀರ್ಮಾನಗಳು.

ಸಾರ್ವಜನಿಕ ಸೇವೆಗಳ ಚರ್ಚೆ ಎದ್ದಾಗಲೆಲ್ಲ ಒಂದು ಹೆಸರು ಕೇಳಿಬರುತ್ತದೆ: ಕ್ರಿಸ್ಟಿ. ಕಾರ್ಮಿಕ ನಾಯಕ ಕ್ಯಾಂಬೆಲ್ ಕ್ರಿಸ್ಟಿ ಅವರ ಆಯೋಗ 2011ರ ಜೂನ್‌ನಲ್ಲಿ ವರದಿ ಕೊಟ್ಟಿತು. ಮೊದಲೇ ಎಚ್ಚೆತ್ತಿದ್ದರೆ ತಪ್ಪಿಸಬಹುದಾಗಿದ್ದ ತೊಂದರೆಗಳಿಗೆ ಸೇವೆಗಳ ಖರ್ಚಿನ ಶೇ 40ರಷ್ಟು ಹೋಗುತ್ತಿರಬಹುದು ಎಂದಿತು. ಅದೇ ವರ್ಷ ಕ್ರಿಸ್ಟಿ ತೀರಿಕೊಂಡರು. ಅಂದಿನಿಂದ ಎಲ್ಲ ಪಕ್ಷದವರೂ ವರದಿಯನ್ನು ಉದ್ಧರಿಸುತ್ತಾರೆ. ಅದರಂತೆ ನಡೆಯುವುದು ಅಷ್ಟು ಸುಲಭವಾಗಿಲ್ಲ. ನಾಳೆ ಬರುವ ಕಾಯಿಲೆಯನ್ನು ತಡೆಯಲು ಹಣ ಎತ್ತಿಡಬೇಕಾದರೆ ಇವತ್ತು ಆಸ್ಪತ್ರೆಯ ಬಾಗಿಲಲ್ಲಿ ನಿಂತವರಿಗೆ ಇಲ್ಲ ಎನ್ನಬೇಕು. ಯಾವ ಸಚಿವರಿಗೆ ಆ ಎದೆ ಇದೆ?

ಹಾಲಿರೂಡಿನ ನಿಜವಾದ ಹೆಮ್ಮೆ ಮಾತ್ರ ಉಚಿತ ಪದವಿ ಶಿಕ್ಷಣ. ಮುಂಗಡ ಬೋಧನಾ ಶುಲ್ಕ 2000ದಲ್ಲೇ ಹೋಯಿತು. ಪದವಿ ಮುಗಿಸಿದವರು ತೆರಬೇಕಿದ್ದ ಸುಮಾರು 2,000 ಪೌಂಡಿನ ಮೊತ್ತವನ್ನೂ 2008ರಲ್ಲಿ ರದ್ದುಮಾಡಿದರು. 2012ರಲ್ಲಿ ಇಂಗ್ಲೆಂಡಿನ ಶುಲ್ಕ ವರ್ಷಕ್ಕೆ 9,000 ಪೌಂಡಿಗೆ ಏರಿದಾಗ ಗಡಿಯ ಈಚೆಯ ಸ್ಕಾಟ್ ಮಕ್ಕಳಿಗೆ ಅದು ಸೊನ್ನೆ. ಶುಲ್ಕವನ್ನು ಎಂದೂ ಹೇರುವುದಿಲ್ಲ ಎಂದು ಆಗಿನ ಫಸ್ಟ್ ಮಿನಿಸ್ಟರ್ ಅಲೆಕ್ಸ್ ಸಾಮಂಡ್ ಕವಿ ಬರ್ನ್ಸ್‌ನ ಪ್ರೇಮಗೀತೆಯೊಂದರ ರೂಪಕವನ್ನು ಎರವಲು ಪಡೆದು ಶಪಥ ಮಾಡಿದರು. ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಆ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದೂ ಆಯಿತು. ಕಲ್ಲನ್ನು ಮುಂದೆ ತೆಗೆದರು, ನೀತಿ ಉಳಿಯಿತು. ಅದರಲ್ಲೊಂದು ವಿಚಿತ್ರವೂ ಇತ್ತು. ಅಂದಿನ ಐರೋಪ್ಯ ನಿಯಮದಿಂದಾಗಿ ಪೋಲೆಂಡಿನಿಂದ ಬಂದವರಿಗೂ ಉಚಿತ, ಪಕ್ಕದ ಇಂಗ್ಲೆಂಡಿನ ನ್ಯೂಕಾಸಲ್‌ನಿಂದ ಬಂದವರಿಗೆ ಮಾತ್ರ ಪೂರ್ತಿ ಶುಲ್ಕ! ಬ್ರೆಕ್ಸಿಟ್ ಅದನ್ನು ಮುಗಿಸಿತು.

ಸೊನ್ನೆ ಶುಲ್ಕ ಎಂದರೆ ಸೊನ್ನೆ ಖರ್ಚಲ್ಲ. ಸ್ಕಾಟ್ ವಿದ್ಯಾರ್ಥಿಯ ಪರವಾಗಿ ಸರ್ಕಾರ ಕಟ್ಟುವ ಶುಲ್ಕ ಎಷ್ಟೋ ವರ್ಷಗಳಿಂದ 1,820 ಪೌಂಡಿನಲ್ಲೇ ನಿಂತಿದೆ. ಅದರ ಮೇಲೆ ಬೋಧನಾ ಅನುದಾನವೂ ಬರುತ್ತದೆ, ಆದರೆ ಎರಡೂ ಸೇರಿ ಖರ್ಚು ಹುಟ್ಟುವುದಿಲ್ಲ ಎಂಬುದು ವಿಶ್ವವಿದ್ಯಾಲಯಗಳ ದೂರು. ಖರ್ಚು ಸರ್ಕಾರದ್ದಾದ ಕಾರಣ ಸ್ಕಾಟ್ ಮಕ್ಕಳ ಸೀಟುಗಳಿಗೂ ಮಿತಿ ಇದೆ. ಕೊರತೆ ತುಂಬುವವರು ಹೊರದೇಶದ ವಿದ್ಯಾರ್ಥಿಗಳು. ಅವರ ಶುಲ್ಕಕ್ಕೆ ಸರ್ಕಾರದ ಮಿತಿಯಿಲ್ಲ. ಬೆಂಗಳೂರು, ಮಂಗಳೂರುಗಳಿಂದ ಒಂದು ವರ್ಷದ ಸ್ನಾತಕೋತ್ತರ ಪದವಿಗೆಂದು ಗ್ಲಾಸ್ಗೊ, ಎಡಿನ್‌ಬರಾಗಳಿಗೆ ಹೋಗುವ ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ಸಾಲ ಮಾಡಿ ಕಟ್ಟುವ ಹಣದಲ್ಲಿ ಸ್ಕಾಟ್ ಮಕ್ಕಳ ಉಚಿತ ಪದವಿಯ ಪಾಲೂ ಇದೆ. ಆ ಮಕ್ಕಳಿಗೆ ವೀಸಾ ಕೊಡುವವರು ಲಂಡನ್ನಿನವರು. 2024ರ ಜನವರಿಯಿಂದ ಬಹುಪಾಲು ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವಂತಿಲ್ಲ ಎಂಬ ನಿಯಮ ಅಲ್ಲಿಂದಲೇ ಬಂತು. ಅಡುಗೆಮನೆಯ ಯಜಮಾನಿಕೆ ಹಾಲಿರೂಡಿನದು, ಬೀದಿ ಬಾಗಿಲ ಬೀಗದ ಕೈ ಬೇರೆಯವರ ಸೊಂಟದಲ್ಲಿ.

ಇದರ ಬಿಸಿ ಜೋರಾಗಿ ತಟ್ಟಿದ್ದು ಡಂಡಿಯಲ್ಲಿ. 2024ರ ನವೆಂಬರ್‌ನಲ್ಲಿ ಡಂಡಿ ವಿಶ್ವವಿದ್ಯಾಲಯದ ಲೆಕ್ಕದಲ್ಲಿ 3 ಕೋಟಿ ಪೌಂಡಿನ ಕೊರತೆ ಬಯಲಾಯಿತು. ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಇಳಿದದ್ದು ಒಂದು ಕಾರಣ; ಆದರೆ 2025ರ ಜೂನ್‌ನಲ್ಲಿ ಬಂದ ತನಿಖಾ ವರದಿ ಒಳಗಿನ ಹಣಕಾಸು ನಿರ್ವಹಣೆಯನ್ನೂ ಆಡಳಿತವನ್ನೂ ಕಟುವಾಗಿ ಟೀಕಿಸಿತು. ಸಂಸತ್ತಿನ ಶಿಕ್ಷಣ ಸಮಿತಿ ಹಿಂದಿನ ಮುಖ್ಯಸ್ಥರನ್ನು ಕರೆದು ಕೂರಿಸಿ ನೇರಪ್ರಸಾರದಲ್ಲೇ ಪ್ರಶ್ನಿಸಿತು. ಹಾಲಿರೂಡಿನ ಕೆಲಸ ಚೆನ್ನಾಗಿ ಕಾಣುವುದು ಇಲ್ಲಿ. ಸಮಿತಿಗಳು ಮಸೂದೆಯನ್ನೂ ತಿದ್ದುತ್ತವೆ, ಸರ್ಕಾರವನ್ನೂ ವಿಚಾರಿಸಿಕೊಳ್ಳುತ್ತವೆ. ಲಂಡನ್ನಿನ ಸಂಸತ್ತಾದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಈ ಎರಡು ಕೆಲಸಗಳಿಗೆ ಬೇರೆ ಬೇರೆ ಸಮಿತಿಗಳು. ಮೇಲ್ಮನೆ ಇಲ್ಲದ ಸಂಸತ್ತಿಗೆ ಅಂಕುಶ ಎಂದಿದ್ದರೆ ಇವೇ.

ವಿಶ್ವವಿದ್ಯಾಲಯ ಮುಗ್ಗರಿಸಿದರೆ ಮುಖಪುಟದ ಸುದ್ದಿ. ಕಾಲೇಜುಗಳ ಗೋಳಿಗೆ ಅಷ್ಟು ಜಾಗ ಸಿಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಕಾಲೇಜು ಎಂದರೆ ಪದವಿ ಕಾಲೇಜಲ್ಲ. ನಮ್ಮ ಐಟಿಐ, ಪಾಲಿಟೆಕ್ನಿಕ್, ಸಂಜೆ ತರಗತಿಗಳೆಲ್ಲ ಸೇರಿದಂತಹ ಜಾಗ ಅದು. ವಾಹನ ದುರಸ್ತಿ, ಶಿಶುಪಾಲನೆ, ಅಡುಗೆ, ಎಂಜಿನಿಯರಿಂಗ್ ಎಲ್ಲವನ್ನೂ ಅಲ್ಲಿ ಕಲಿಯಬಹುದು. ಅಲ್ಲಿಯ ಎಚ್‌ಎನ್‌ಡಿ ಎಂಬ ಡಿಪ್ಲೊಮಾ ಮುಗಿಸಿದವರು ಎಷ್ಟೋ ಕಡೆ ನಾಲ್ಕು ವರ್ಷದ ಪದವಿಯ ಮೂರನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುವ ನಮ್ಮ ಹುಡುಗರಿಗೆ ಈ ದಾರಿ ಪರಿಚಿತ. 2013ರ ಕಾಯ್ದೆ ಕಾಲೇಜುಗಳನ್ನು 13 ವಲಯಗಳಿಗೆ ಒಗ್ಗೂಡಿಸಿತು. ಆಡಳಿತ ಸರಳವಾಯಿತು ನಿಜ. ಆದರೆ ಅದೇ ವರ್ಷಗಳಲ್ಲಿ ಒತ್ತು ಪೂರ್ಣಾವಧಿಯಲ್ಲಿ ಓದುವ ಹರೆಯದವರ ಕಡೆ ವಾಲಿ, ಅರೆಕಾಲಿಕ ಸೀಟುಗಳು ಕರಗಿದವು. ಕೆಲಸ ಮಾಡುತ್ತ ಓದುವವರು, 25 ದಾಟಿದವರು, ಮಹಿಳೆಯರು ಹೆಚ್ಚು ಕಳೆದುಕೊಂಡರು.

2023ರಲ್ಲಿ ಜೇಮ್ಸ್ ವಿದರ್ಸ್ ಸರ್ಕಾರದ ಕೋರಿಕೆಯಂತೆ ಶಾಲೋತ್ತರ ಕಲಿಕೆಯ ಇಡೀ ವ್ಯವಸ್ಥೆಯನ್ನು ಪರಿಶೀಲಿಸಿ ಕೊಟ್ಟ ವರದಿ ವಿಶ್ವವಿದ್ಯಾಲಯ, ಕಾಲೇಜುಗಳ ಈ ಮೇಲು-ಕೀಳಿಗೇ ಕೈಯಿಟ್ಟಿತು. ಪದವಿಗೊಂದು ಕಿಸೆ, ಅಪ್ರೆಂಟಿಸ್ ತರಬೇತಿಗೊಂದು ಕಿಸೆ ಬೇಡ, ಹಣ ಒಂದೇ ಸಂಸ್ಥೆಯಿಂದ ಹೋಗಲಿ ಎಂಬುದು ಅದರ ಸಾರ. 2025ರ ಫೆಬ್ರವರಿಯಲ್ಲಿ ಮಂಡನೆಯಾದ ಮಸೂದೆ ಈ ದಾರಿಯಲ್ಲೇ ಸಾಗಿತು. ಅಪ್ರೆಂಟಿಸ್‌ಗಳ ಹಣವನ್ನು ಸ್ಕಿಲ್ಸ್ ಡೆವಲಪ್‌ಮೆಂಟ್ ಸ್ಕಾಟ್ಲೆಂಡ್ ಎಂಬ ಸಂಸ್ಥೆಯಿಂದ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಅನುದಾನ ಕೊಡುವ ಫಂಡಿಂಗ್ ಕೌನ್ಸಿಲ್‌ಗೆ, ಕಾಲೇಜು ವಿದ್ಯಾರ್ಥಿಗಳ ನೆರವನ್ನು ಪದವಿ ವಿದ್ಯಾರ್ಥಿಗಳ ನೆರವು ನೋಡುವ ಸಂಸ್ಥೆಗೇ ವರ್ಗಾಯಿಸುವುದು ಅದರ ಉದ್ದೇಶ. ಕೆಲಸಗಾರರನ್ನು ತರಬೇತಿಗೊಳಿಸುವ ಉದ್ಯಮಗಳಿಂದ ಆತಂಕದ ಮಾತೂ ಬಂತು: ವಿಶ್ವವಿದ್ಯಾಲಯಗಳ ದೊಡ್ಡ ದನಿಯ ನಡುವೆ ಅಪ್ರೆಂಟಿಸ್‌ನ ಪಾಲು ಕರಗೀತು ಎಂದು. ನನಗೂ ಹಾಗೇ ಅನ್ನಿಸುತ್ತದೆ. ಕಿಸೆ ಒಂದಾದರೆ ಮರ್ಯಾದೆ ಒಂದಾಗುತ್ತದೆಂದು ಖಾತ್ರಿಯೇನಿಲ್ಲ. ಉಚಿತ ಪದವಿಯನ್ನು ಕಾಯುವ ಹಟದಲ್ಲಿ ಅರ್ಧವನ್ನಾದರೂ ಹಾಲಿರೂಡ್ ಕಾಲೇಜುಗಳ ಸಂಜೆ ತರಗತಿಗೆ ತೋರಿಸಿದ್ದರೆ, ತೊಂದರೆಯನ್ನು ಮೊದಲೇ ತಡೆಯಬೇಕೆಂದು ಕ್ರಿಸ್ಟಿ ಹೇಳಿದ್ದು ಒಂದಿಷ್ಟು ನಡೆಯುತ್ತಿತ್ತು.

ಮಕ್ಕಳನ್ನು ನೋಡಲೆಂದು ಎಡಿನ್‌ಬರಾಗೆ ಹೋಗುವ ಕನ್ನಡಿಗರು ಕೋಟೆ, ಅರಮನೆ ಮುಗಿಸಿ ಈ ಕಟ್ಟಡಕ್ಕೂ ಹೋಗಿ. ಪ್ರವೇಶ ಉಚಿತ. ಗುರುವಾರ ಮಧ್ಯಾಹ್ನದ ಫಸ್ಟ್ ಮಿನಿಸ್ಟರ್ ಪ್ರಶ್ನೋತ್ತರಕ್ಕೆ ನೂಕುನುಗ್ಗಲು; ಅಲ್ಲಿ ಗದ್ದಲವೂ ಹೆಚ್ಚು. ಬೆಳಗಿನ ಹೊತ್ತು ಯಾವುದಾದರೊಂದು ಸಮಿತಿಯ ಸಭೆಗೆ ಹೋಗಿ ಕೂರಿ.